ಸಸ್ಯಾಹಾರಿಗಳ ತಟ್ಟೆಗೂ ಒಂದು ಲೆಕ್ಕ ಇದೆ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ಪುರವಣಿಲಿ ಸಸ್ಯಾಹಾರ ಮತ್ತೆ ಪರಿಸರದ ಬಗ್ಗೆ ಬಂದ ಲೇಖನ ಓದಿದೆ, ಎರಡು ಸಲ ಓದಿದೆ. ಖುಷಿನೂ ಆಯ್ತು, ಸ್ವಲ್ಪ ಕಿರಿಕಿರಿನೂ ಆಯ್ತು. ಖುಷಿ ಯಾಕಂದ್ರೆ ನಾನು ಏಳು ವರ್ಷದಿಂದ ಮಾಂಸ ಬಿಟ್ಟವಳು, ಅದೂ ಈ ಪರಿಸರದ ಕಾರಣಕ್ಕೇ ಬಿಟ್ಟವಳು. ಕಿರಿಕಿರಿ ಯಾಕಂದ್ರೆ ಲೇಖನ ಕೊನೆಗೆ ಬರ್ತಾ ಬರ್ತಾ ಸಸ್ಯಾಹಾರಿಗಳಿಗೆಲ್ಲ ಒಂದೊಂದು ಸರ್ಟಿಫಿಕೇಟ್ ಹಂಚಿದ ಹಾಗಿತ್ತು, ನೀವು ಮಾಂಸ ತಿನ್ನಲ್ವಾ, ಸರಿ, ನಿಮ್ಮ ಪಾಲಿನ ಕೆಲಸ ಮುಗೀತು, ಇನ್ನು ನೆಮ್ಮದಿಯಾಗಿ ಮಲ್ಕೊಳ್ಳಿ ಅನ್ನೋ ಥರ. ಈ ಏಳು ವರ್ಷದಲ್ಲಿ ಮೊದಲ ಮೂರ್ನಾಲ್ಕು ವರ್ಷ ನಾನೂ ಹಾಗೇ ಅಂದ್ಕೊಂಡು ಓಡಾಡಿದವಳು, ಅದಕ್ಕೇ ಬರೀಬೇಕು ಅನ್ನಿಸ್ತು. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ಹಾಕಿ, ಆದ್ರೆ ಚೀಸ್ ವಿಷಯ ಮಾತ್ರ ದಯವಿಟ್ಟು ಕತ್ತರಿಸ್ಬೇಡಿ.

ನಾನು ಹುಟ್ಟಿದ್ದು ಮಾಂಸ ತಿನ್ನೋ ಮನೇಲಿ. ರುಚಿ ಹಿಡಿಸಲಿಲ್ಲ ಅಂತ ಬಿಟ್ಟಿದ್ದಲ್ಲ, ಈಗ್ಲೂ ಎಲ್ಲಾದ್ರೂ ಕೋಳಿ ಹುರಿಯೋ ವಾಸನೆ ಬಂದ್ರೆ ಮೂಗು ಅರಳುತ್ತೆ, ಸುಳ್ಳು ಯಾಕೆ ಹೇಳ್ಲಿ. ನನ್ನನ್ನ ಬಿಡಿಸಿದ್ದು ಒಂದು ಲೆಕ್ಕ. ದನಕ್ಕೆ ತಿನ್ಸಿದ 100 ಕ್ಯಾಲೊರಿ ಧಾನ್ಯದಲ್ಲಿ ಮಾಂಸವಾಗಿ ನಮ್ಮ ತಟ್ಟೆಗೆ ವಾಪಸ್ ಬರೋದು ಸುಮಾರು 3 ಕ್ಯಾಲೊರಿ ಅಷ್ಟೇ ಅಂತೆ. ಕೋಳಿಯಾದ್ರೆ ಸುಮಾರು 12, ಮೊಟ್ಟೆಯಾದ್ರೆ 22, ಹಾಲಾದ್ರೆ 40. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು ಅಂದ್ರೆ ಆ ಪ್ರಾಣಿ ನಡೆಯೋಕೆ, ಉಸಿರಾಡೋಕೆ, ಮೈ ಬೆಚ್ಚಗೆ ಇಟ್ಕೊಳ್ಳೋಕೆ, ಮೂಳೆ ಚರ್ಮ ಕೊಂಬು ಬೆಳೆಸ್ಕೊಳ್ಳೋಕೆ ಖರ್ಚಾಯ್ತು, ಅದರ ತಪ್ಪೇನಿಲ್ಲ, ಅದೂ ಒಂದು ಜೀವ ತಾನೇ, ಅದು ತಿಂದಿದ್ದು ತಾನು ಬದುಕೋಕೆ, ನಮಗೋಸ್ಕರ ಅಲ್ಲ. ಆದ್ರೆ ನಮ್ಮ ಕಡೆಯಿಂದ ನೋಡಿದ್ರೆ ಇದು ಬೆಟ್ಟ ಅಗೆದು ಇಲಿ ಹಿಡಿದ ಕಥೆ.

ಆಮೇಲೆ ಜಮೀನಿನ ಲೆಕ್ಕ ಓದಿದೆ. 2018ರಲ್ಲಿ ಸೈನ್ಸ್ ಪತ್ರಿಕೇಲಿ ಜೋಸೆಫ್ ಪೂರ್ ಮತ್ತೆ ಥಾಮಸ್ ನೆಮೆಚೆಕ್ ಅನ್ನೋ ಇಬ್ಬರು 119 ದೇಶಗಳ ಸುಮಾರು 38,700 ಫಾರ್ಮುಗಳ ಲೆಕ್ಕ ಒಟ್ಟು ಮಾಡಿ ಹಾಕಿದ್ರು, ಮಾಂಸ ಹಾಲು ಮೊಟ್ಟೆ ಮೀನು ಸಾಕಣೆ ಎಲ್ಲಾ ಸೇರಿ ಪ್ರಪಂಚದ ಕೃಷಿ ಭೂಮಿಲಿ 83% ಹಿಡ್ಕೊಂಡಿದೆ, ಕೊಡ್ತಿರೋದು ಮಾತ್ರ ನಮ್ಮ ಕ್ಯಾಲೊರಿಲಿ 18%, ಪ್ರೊಟೀನ್‌ನಲ್ಲಿ 37%. ಪ್ರಾಣಿ ಮೂಲದ ಆಹಾರ ಪೂರ್ತಿ ಬಿಟ್ಟು ಎಲ್ಲರ ಹೊಟ್ಟೆ ತುಂಬ್ಸೋದಾದ್ರೆ ಕೃಷಿಗೆ ಬೇಕಾಗೋ ಭೂಮಿ 76% ಕಮ್ಮಿ ಆಗುತ್ತೆ ಅಂತ ಅವರ ಅಂದಾಜು. ಸೋಯಾ ತಿನ್ನೋರಿಂದ ಕಾಡು ಹಾಳಾಗ್ತಿದೆ ಅಂತ ಸಸ್ಯಾಹಾರಿಗಳನ್ನ ಕಿಚಾಯಿಸೋರು ಸುಮಾರು ಜನ ಇದಾರೆ, ಅವರಿಗೂ ಒಂದು ಮಾತು, ಪ್ರಪಂಚದಲ್ಲಿ ಬೆಳೆಯೋ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗೋದು ಕೋಳಿ ಹಂದಿ ದನಗಳ ಮೇವಿಗೆ, ಮನುಷ್ಯರು ನೇರವಾಗಿ ತಿನ್ನೋದು ಅದರಲ್ಲಿ ಬಹಳ ಸಣ್ಣ ಪಾಲು.

ಮೀಥೇನ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲು ಇತ್ತು, ಅದೂ ಹಸು ಹೂಸು ಬಿಡೋದ್ರಿಂದ ಅಂತ ಬರ್ದಿದ್ರು. ಅದು ತಪ್ಪು. ಮೆಲುಕು ಹಾಕೋ ಪ್ರಾಣಿಗಳ ಹೊಟ್ಟೇಲಿ ಒಂದು ದೊಡ್ಡ ಚೀಲ ಇರುತ್ತೆ, ಅದರೊಳಗೆ ಹುಲ್ಲು ಹುದುಗು ಬರುತ್ತೆ, ಆಗ ಸೂಕ್ಷ್ಮಜೀವಿಗಳು ಮೀಥೇನ್ ಮಾಡ್ತವೆ, ಅದು ಹೊರಗೆ ಬರೋದು ಹೆಚ್ಚಾಗಿ ಬಾಯಿಂದ, ತೇಗಿನ ಜೊತೆ. ಈ ಗ್ಯಾಸು ಗಾಳೀಲಿ ಇರೋದು ಹನ್ನೆರಡು ವರ್ಷದ ಆಸುಪಾಸು ಅಷ್ಟೇ, ಆದ್ರೆ ಇರೋಷ್ಟು ದಿನ ಬಿಸಿ ಹಿಡಿದಿಡೋದ್ರಲ್ಲಿ ಭಾರಿ ಚುರುಕು, 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಜಾಸ್ತಿ. ಅಂದ್ರೆ ಇವತ್ತು ಕಮ್ಮಿ ಮಾಡಿದ್ರೆ ನಮ್ಮ ಜೀವಮಾನದಲ್ಲೇ ಫಲ ಕಾಣಬಹುದು. ಕಲ್ಲಿದ್ದಲ ಹೊಗೇಲಿ ಬರೋ ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಅದು ಶತಮಾನಗಟ್ಟಲೆ ಕೂತಿರುತ್ತೆ. ನನಗೆ ಧೈರ್ಯ ಕೊಟ್ಟಿದ್ದೇ ಈ ವಿಷಯ, ಯಾಕಂದ್ರೆ ಪರಿಸರದ ಸುದ್ದಿ ಓದಿದ್ರೆ ಹೆಚ್ಚಿನ ಸಲ ಕೈ ಚೆಲ್ಲಿ ಕೂರೋ ಹಾಗೆ ಆಗುತ್ತೆ.

ಈಗ ಚೀಸಿಗೆ ಬರ್ತೀನಿ.

ಮಾಂಸ ಬಿಟ್ಟ ಹೊಸದರಲ್ಲಿ ನನಗೆ ಊಟ ಮುಗಿದ್ರೂ ಏನೋ ಕಮ್ಮಿ ಆದಂಗೆ ಅನ್ನಿಸ್ತಿತ್ತು, ಆ ಜಾಗ ತುಂಬಿದ್ದು ಚೀಸು. ಬ್ರೆಡ್ಡಿನ ಮೇಲೆ ಚೀಸು, ತರಕಾರಿ ಬೇಯಿಸಿದ್ರೆ ಅದರ ಮೇಲೆ ತುರಿದ ಚೀಸು, ಏನೂ ಇಲ್ಲದಿದ್ರೆ ಫ್ರಿಜ್ಜು ತೆಗೆದು ನಿಂತ್ಕೊಂಡೇ ಒಂದು ತುಂಡು. ಜೊತೆಗೆ ಬೆಣ್ಣೆ, ಕ್ರೀಮು. ಮೂರ್ನಾಲ್ಕು ವರ್ಷ ಹೀಗೇ ನಡೀತು, ಮೇಲಿಂದ ಕಂಡಕಂಡವರಿಗೆಲ್ಲ ಬೋಧನೆ ಬೇರೆ. ಒಂದಿನ ತಂಗಿ ಮಗ ನನ್ನೆದುರು ಕೂತು ಕೋಳಿ ತಿಂತಿದ್ದ, ನಾನು ಎಂದಿನ ಹಾಗೆ ಶುರು ಮಾಡಿದೆ. ಅವನು ಪೂರ್ತಿ ಕೇಳಿಸ್ಕೊಂಡು ಫೋನ್ ತೆಗೆದು ಒಂದು ಪಟ್ಟಿ ತೋರಿಸಿ ಹೇಳಿದ, "ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ, ನಿಮ್ಮ ತಟ್ಟೇಲಿರೋ ಚೀಸಿನ ಹೊಗೆ ನನ್ನ ತಟ್ಟೇಲಿರೋ ಕೋಳಿದಕ್ಕಿಂತ ಜಾಸ್ತಿ." ನಾನು ಬಯ್ದೆ. ರಾತ್ರಿ ಕೂತು ನೋಡಿದ್ರೆ ಹುಡುಗ ಹೇಳಿದ್ದು ಸರಿ, ಅದೂ ನಾನು ಮಾತೆತ್ತಿದ್ರೆ ಉದಾಹರಣೆ ಕೊಡ್ತಿದ್ದ ಅದೇ 2018ರ ಲೆಕ್ಕದಲ್ಲೇ ಇತ್ತು, ನನಗೆ ಬೇಕಾದ ಸಾಲು ಮಾತ್ರ ನಾನು ಓದಿದ್ದೆ.

100 ಗ್ರಾಂ ಪ್ರೊಟೀನ್ ಸಿಗೋಷ್ಟು ಆಹಾರ ಬೆಳೆದು ಕೊಡೋಕೆ ಎಷ್ಟು ಕೆಜಿ ಹಸಿರುಮನೆ ಅನಿಲ ಹೊರಗೆ ಬರುತ್ತೆ ಅಂತ ಅದರಲ್ಲಿದೆ. ಮಾಂಸಕ್ಕೇ ಅಂತ ಸಾಕಿದ ದನದ ಮಾಂಸ ಸರಾಸರಿ 50 ಕೆಜಿ, ಕುರಿ 20, ಚೀಸು 11ರ ಹತ್ರ, ಹಂದಿ ಏಳೂವರೆ, ಕೋಳಿ 6ಕ್ಕೆ ಸ್ವಲ್ಪ ಕಮ್ಮಿ, ಮೊಟ್ಟೆ 4, ಟೋಫು ಅಂದ್ರೆ ಸೋಯಾ ಪನೀರು 2, ಕಾಳುಬೇಳೆ 1ಕ್ಕಿಂತ ಕಮ್ಮಿ, ಬಟಾಣಿ ಅರ್ಧ ಕೆಜಿನೂ ಇಲ್ಲ. ಚೀಸು ಕೋಳಿಗಿಂತ ಹತ್ರ ಹತ್ರ ಎರಡು ಪಟ್ಟು! ಯಾಕಂದ್ರೆ ಒಂದು ಕೆಜಿ ಗಟ್ಟಿ ಚೀಸು ಆಗೋಕೆ ಸುಮಾರು 10 ಲೀಟರ್ ಹಾಲು ಬೇಕು, ಆ ಹಾಲು ಬಂದಿದ್ದು ಅದೇ ಮೆಲುಕು ಹಾಕೋ ಹೊಟ್ಟೆಯಿಂದ, ಅದೇ ಮೀಥೇನು. ಹಸು ಹಾಲು ಕೊಡ್ಬೇಕಂದ್ರೆ ಕರು ಹಾಕ್ಬೇಕು, ಹುಟ್ಟೋ ಕರುಗಳಲ್ಲಿ ಅರ್ಧ ಗಂಡು, ದೊಡ್ಡ ಡೈರಿಗಳಲ್ಲಿ ಆ ಗಂಡು ಕರು ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ನಾವು ಹಾಲು ಕುಡಿಯೋರು ಕೇಳೋಕೆ ಹೋಗಲ್ಲ. ಹಾಲಿನ ಧಂದೆ ಮಾಂಸದ ಧಂದೆ ಬೇರೆ ಬೇರೆ ಅಂದ್ಕೊಂಡಿದ್ದೆ, ನೋಡಿದ್ರೆ ಒಂದೇ ಕೊಟ್ಟಿಗೆಗೆ ಎರಡು ಬಾಗಿಲು.

ಹಾಗಂತ ಮತ್ತೆ ಕೋಳಿ ತಿನ್ನೋಕೆ ಶುರು ಮಾಡಿದ್ನಾ ಅಂದ್ರೆ ಇಲ್ಲ. ಚೀಸು ಕಮ್ಮಿ ಮಾಡಿ ಕಾಳು ಜಾಸ್ತಿ ಮಾಡಿದೆ. ರಾತ್ರಿ ನೆನೆಸಿಡೋದು ಮರ್ತು ಹೋದಾಗ ಬೈಕೊಳ್ತೀನಿ, ಅಷ್ಟೇ ತಾಪತ್ರಯ. ಆದ್ರೆ ಬೋಧನೆ ಮಾತ್ರ ಆವತ್ತಿಗೆ ನಿಂತುಹೋಯ್ತು.

2023ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 55,000ಕ್ಕೂ ಹೆಚ್ಚು ಜನರ ಊಟ ಹಿಡ್ಕೊಂಡು ಇನ್ನೊಂದು ಲೆಕ್ಕ ಹಾಕಿದ್ರು, ಅದು ನಿಮ್ಮ ಲೇಖನದಲ್ಲೂ ಇತ್ತು ಆದ್ರೆ ಅರ್ಧ ಮಾತ್ರ. ವೇಗನ್ ಆದವರ, ಅಂದ್ರೆ ಹಾಲು ಮೊಟ್ಟೆನೂ ಬಿಟ್ಟವರ, ಊಟದಿಂದ ಬರೋ ಅನಿಲ ಭಾರಿ ಮಾಂಸ ತಿನ್ನೋರಿಗಿಂತ 75% ಕಮ್ಮಿ ಅನ್ನೋದು ದಪ್ಪ ಅಕ್ಷರದಲ್ಲಿ ಬಂತು. ಅದೇ ಪಟ್ಟಿಯ ಮಧ್ಯದ ಸಾಲು ಬಿಟ್ಟುಹೋಯ್ತು. ದಿನಕ್ಕೆ 100 ಗ್ರಾಂಗಿಂತ ಜಾಸ್ತಿ ಮಾಂಸ ತಿನ್ನೋರ ಊಟದಿಂದ ಬರೋ ಅನಿಲ ದಿನಕ್ಕೆ ಸುಮಾರು 10 ಕೆಜಿ, 50 ಗ್ರಾಂಗಿಂತ ಕಮ್ಮಿ ತಿನ್ನೋರದ್ದು 5 ಕೆಜಿ ಚಿಲ್ಲರೆ, ಸಸ್ಯಾಹಾರಿಗಳದ್ದು 4 ಕೆಜಿ ಚಿಲ್ಲರೆ, ವೇಗನ್ನರದ್ದು ಎರಡೂವರೆ. ದೊಡ್ಡ ಜಿಗಿತ ಎಲ್ಲಿದೆ ನೋಡಿ, 10ರಿಂದ 5ಕ್ಕೆ ಇಳಿಯೋದ್ರಲ್ಲಿದೆ, ಅದಕ್ಕೆ ಸಸ್ಯಾಹಾರಿ ಆಗಲೇಬೇಕು ಅಂತಿಲ್ಲ, ದಿನಾ ತಿನ್ನೋದನ್ನ ಅಪರೂಪಕ್ಕೆ ತಿಂದ್ರೂ ಅರ್ಧ ಕೆಲಸ ಆಯ್ತು. ಕಮ್ಮಿ ಮಾಂಸ ತಿನ್ನೋ ಒಬ್ಬರಿಗೂ ನಮ್ಮಂಥ ಸಸ್ಯಾಹಾರಿಗೂ ಇರೋ ವ್ಯತ್ಯಾಸ ಒಂದೇ ಒಂದು ಕೆಜಿ ಚಿಲ್ಲರೆ, ಅಷ್ಟಕ್ಕೆ ನಾವು ಅವರನ್ನ ಮೇಲಿಂದ ಕೆಳಗೆ ನೋಡೋದು ನಾಚಿಕೆಗೇಡು. ಯಾರು ಏನು ತಿಂತಾರೆ ಅಂತ ನೋಡಿ ಮನುಷ್ಯರಿಗೆ ಮಾರ್ಕ್ಸ್ ಹಾಕೋದು ಮೊದಲೇ ಕೆಟ್ಟ ಚಟ, ಅದಕ್ಕೆ ಪರಿಸರದ ಹೆಸರು ಬೇರೆ ಬಳಿಯೋದು ಬೇಡ.

ಲೇಖನದಲ್ಲಿದ್ದ ನೀರಿನ ಲೆಕ್ಕಕ್ಕೂ ನಂದೊಂದು ತಕರಾರಿದೆ. ಒಂದು ಕೆಜಿ ದನದ ಮಾಂಸಕ್ಕೆ 15,000 ಲೀಟರ್ ನೀರು ಅಂತ ಬರ್ದಿದ್ರು, ಸರಾಸರಿ ಅಷ್ಟೇ, ಸುಳ್ಳಲ್ಲ. ಆದ್ರೆ ಅದರಲ್ಲಿ 90%ಗೂ ಮೇಲೆ ಹುಲ್ಲು ಮೇವಿನ ಮೇಲೆ ಬಿದ್ದ ಮಳೆ ನೀರು, ಯಾರೂ ಬೋರ್ವೆಲ್ಲಿಂದ ಎತ್ತಿದ್ದಲ್ಲ. ಸಿಪ್ಪೆ ತೆಗೆದ ಒಂದು ಕೆಜಿ ಬಾದಾಮಿಗೂ ಹತ್ರ ಹತ್ರ 16,000 ಲೀಟರ್ ಲೆಕ್ಕ ಇದೆ, ಅದಕ್ಕೆ ಎಷ್ಟೋ ಕಡೆ ನೀರು ಹಾಯ್ಸಿಯೇ ಬೆಳೀಬೇಕು. ಬಾದಾಮಿ ಹಾಲು ಕುಡಿದು ಭೂಮಿ ಉಳಿಸ್ತಿದೀವಿ ಅನ್ನೋರು ಇದನ್ನೂ ಓದ್ಲಿ. ಇನ್ನು ಹತ್ರದಲ್ಲಿ ಬೆಳೆದಿದ್ದನ್ನೇ ತಿನ್ನಿ ಅನ್ನೋ ಸಲಹೆ ಒಳ್ಳೇದೇ, ರೈತರಿಗೂ ಒಳ್ಳೇದು, ಆದ್ರೆ ಸಾಗಾಟದ ಹೊಗೆ ಆಹಾರದ ಒಟ್ಟು ಹೊಗೇಲಿ ಬಹಳ ಸಣ್ಣದು, ದನದ ಮಾಂಸದಲ್ಲಂತೂ 1%ನೂ ಇಲ್ಲ. ವಿಮಾನದಲ್ಲಿ ಬರೋ ಹಣ್ಣು ತರಕಾರಿ ಬಿಟ್ರೆ, ಎಲ್ಲಿಂದ ಬಂತು ಅನ್ನೋದಕ್ಕಿಂತ ಏನು ಬಂತು ಅನ್ನೋದೇ ಮುಖ್ಯ.

ಈಗ ಲೇಖನದ ಎರಡನೇ ಭಾಗ, ಗಮನ ಇಟ್ಟು ತಿನ್ನೋದು. ಇದನ್ನ ಬರೆದವರು ಧ್ಯಾನ, ಮನಃಶಾಂತಿ ಅಂತ ತಗೊಂಡು ಹೋದ್ರು, ನನಗೆ ಅದು ಗೊತ್ತಾಗಲ್ಲ, ನಾನು ಅಷ್ಟು ಶಾಂತ ಹೆಂಗಸೂ ಅಲ್ಲ. ನನಗೆ ಅದು ಕೆಲಸಕ್ಕೆ ಬಂದಿದ್ದು ಕಸದ ಬಕೆಟ್ಟಿನ ಮೂಲಕ.

ಒಣದ್ರಾಕ್ಷಿ ಪ್ರಯೋಗ ಅಂತ ಒಂದಿದೆ, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಜಿನ್ ಅನ್ನೋರು ಒತ್ತಡ ಕಮ್ಮಿ ಮಾಡೋಕೆ ಅಂತ ಶುರು ಮಾಡಿದ ಕೋರ್ಸಿಂದ ಎಲ್ಲಾ ಕಡೆ ಹಬ್ಬಿದ್ದು. ಒಂದೇ ಒಂದು ಒಣದ್ರಾಕ್ಷಿ ಕೈಲಿ ಹಿಡ್ಕೊಂಡು ನೋಡಿ, ಮೂಸಿ, ಬಾಯಲ್ಲಿಟ್ಟು ಕಚ್ಚದೆ ಸ್ವಲ್ಪ ಹೊತ್ತು ಇಟ್ಕೊಂಡು, ಆಮೇಲೆ ನಿಧಾನಕ್ಕೆ ಅಗೀಬೇಕು. ಹುಚ್ಚಾಟ ಅಂದ್ಕೊಂಡೇ ಮಾಡಿದೆ. ಮೊದಲು ನಾಲಿಗೆಗೆ ಬರೀ ಸುಕ್ಕು ಸಿಕ್ತು, ರುಚಿನೇ ಇಲ್ಲ, ಆಮೇಲೆ ಅದು ನೆನೆದು ಸ್ವಲ್ಪ ಊದಿತು, ಕಚ್ಚಿದ ತಕ್ಷಣ ಮೊದಲು ಬಂದಿದ್ದು ಹುಳಿ, ಸಿಹಿ ಬಂದಿದ್ದು ಆಮೇಲೆ. ಐವತ್ತು ವರ್ಷದಿಂದ ಮುಷ್ಟಿಗಟ್ಟಲೆ ತಿಂದಿದೀನಿ, ಅದರಲ್ಲಿ ಹುಳಿ ಇದೆ ಅಂತ ಆವತ್ತೇ ಗೊತ್ತಾಗಿದ್ದು.

ಅದಾದ ಮೇಲೆ ಒಂದು ವಾರ ಫೋನು ಟಿವಿ ಎರಡೂ ಇಲ್ಲದೆ ಊಟಕ್ಕೆ ಕೂತೆ, ಜೊತೆಗೆ ಅಡುಗೆಮನೆ ತಕ್ಕಡಿಲಿ ದಿನಾ ರಾತ್ರಿ ಕಸದ ಬಕೆಟ್ಟು ತೂಗಿ ಕ್ಯಾಲೆಂಡರಲ್ಲಿ ಬರ್ದಿಟ್ಟೆ. ಮೊದಲ ದಿನ 900 ಗ್ರಾಂ. ಮನೇಲಿರೋದು ಮೂರು ಜನ! ಏನಿದೆ ಅದರಲ್ಲಿ ಅಂತ ಕೆದಕಿ ನೋಡಿದ್ರೆ ಹಿಂದಿನ ದಿನದ ಅನ್ನ, ಬಾಡಿಹೋದ ಒಂದು ಕಟ್ಟು ಸೊಪ್ಪು, ಅರ್ಧ ತಿಂದ ಸೇಬು, ತಟ್ಟೇಲಿ ಬಿಟ್ಟ ಎಂಜಲು. ಎಲ್ಲಾ ಅಪ್ಪಟ ಸಸ್ಯಾಹಾರ. ಫೋನ್ ನೋಡ್ಕೊಂಡು ಬಡಿಸ್ಕೊಂಡಿದ್ದು ಯಾವಾಗ್ಲೂ ಒಂದು ಸೌಟು ಜಾಸ್ತಿ ಇರುತ್ತೆ ಅಂತ ಎರಡನೇ ದಿನಕ್ಕೇ ಗೊತ್ತಾಯ್ತು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟೋಕೆ ಸುಮಾರು ಇಪ್ಪತ್ತು ನಿಮಿಷ ಬೇಕಂತೆ, ನಾನು ಏಳೆಂಟು ನಿಮಿಷದಲ್ಲಿ ಊಟ ಮುಗಿಸಿ ಕೈ ತೊಳೀತಿದ್ದೆ, ಇನ್ನು ಸುದ್ದಿ ಮುಟ್ಟೋದು ಯಾವಾಗ. ನಿಧಾನಕ್ಕೆ ತಿನ್ನೋಕೆ ಶುರು ಮಾಡಿದ್ಮೇಲೆ ಅಕ್ಕಿ ಅಳತೆ ತಾನಾಗೇ ಕಮ್ಮಿ ಆಯ್ತು, ವಾರದ ಕೊನೇಲಿ ಬಕೆಟ್ಟು 350 ಗ್ರಾಮಿಗೆ ಬಂತು, ಅದರಲ್ಲಿ ಹೆಚ್ಚಿನದು ಸಿಪ್ಪೆ.

ಇದು ಸಣ್ಣ ವಿಷಯ ಅಲ್ಲ ಸ್ವಾಮಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಲ್ಲಿ 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿದೆ, ಅದರಲ್ಲಿ 60% ಮನೆಗಳಿಂದಲೇ. ಹೋಟೆಲ್ಲಿನವರು ಚೆಲ್ತಾರೆ ಅಂತ ಬೈಕೊಂಡು ಕೂತಿದ್ವಿ, ಚೆಲ್ತಿರೋದು ನಾವು. ಆ ಸೊಪ್ಪು ಅನ್ನ ಎಲ್ಲಾ ಕಸದ ಗುಡ್ಡದ ಅಡೀಲಿ ಗಾಳಿ ಇಲ್ಲದೆ ಕೊಳೆತರೆ ಬರೋದೂ ಮೀಥೇನೇ. ಹಸುವಿನ ಬಾಯಿಂದ ಬಂದ್ರೂ ಅದೇ, ನನ್ನ ಬಕೆಟ್ಟಿಂದ ಬಂದ್ರೂ ಅದೇ.

ವಿಟಮಿನ್ ಬಿ12 ಬಗ್ಗೆ ಲೇಖನ ಪೂರ್ತಿ ಮೌನ, ಇದು ನನಗೆ ನಿಜವಾಗ್ಲೂ ಸಿಟ್ಟು ತರಿಸಿದ ವಿಷಯ. ಚೀಸು ಹಾಲು ಎರಡೂ ಒಮ್ಮೆಗೇ ಕಮ್ಮಿ ಮಾಡಿದ ಮೇಲೆ ಒಂದೂವರೆ ಎರಡು ವರ್ಷಕ್ಕೆ ನನ್ನ ಪಾದ ಸುಮ್ಮನೆ ಜೋಮು ಹಿಡಿಯೋಕೆ ಶುರುವಾಯ್ತು, ಚಪ್ಪಲಿ ಜಾರಿ ಹೋದ್ರೂ ಗೊತ್ತಾಗ್ತಿರ್ಲಿಲ್ಲ, ವಯಸ್ಸಾಯ್ತು ಅಂತ ಸುಮ್ಮನಿದ್ದೆ. ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿ ಬಿ12 ತೀರಾ ಕೆಳಗಿದೆ ಅಂದ್ರು. ಬಿ12 ಮಾಡೋದು ಬ್ಯಾಕ್ಟೀರಿಯಾ, ಗಿಡಗಳಲ್ಲ, ಪ್ರಾಣಿಗಳೂ ಅಲ್ಲ, ಹಸುವಿನ ಹೊಟ್ಟೇಲಿರೋ ಬ್ಯಾಕ್ಟೀರಿಯಾ ಮಾಡಿದ್ದು ಹಾಲು ಮಾಂಸಕ್ಕೆ ಬರುತ್ತೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು 2.4 ಮೈಕ್ರೋಗ್ರಾಂ, ಕಣ್ಣಿಗೂ ಕಾಣದಷ್ಟು, ಆದ್ರೆ ಅದಿಲ್ಲದೆ ನರಗಳು ಹಾಳಾಗ್ತವೆ, ತಡ ಮಾಡಿದ್ರೆ ವಾಪಸ್ ಸರಿ ಆಗದೇನೂ ಇರಬಹುದು. ಲಿವರ್‌ನಲ್ಲಿ ಹಳೇ ದಾಸ್ತಾನು ಇರೋದ್ರಿಂದ ವರ್ಷಗಟ್ಟಲೆ ಏನೂ ಗೊತ್ತಾಗಲ್ಲ, ಅದೇ ಮೋಸ. ಹಾಲು ಮೊಟ್ಟೆ ಸಾಕಷ್ಟು ತಗೊಳ್ಳೋ ಸಸ್ಯಾಹಾರಿಗೆ ಅಷ್ಟು ಭಯ ಇಲ್ಲ, ಪೂರ್ತಿ ಬಿಟ್ಟವರು ಮಾತ್ರೆ ತಗೊಳ್ಳಲೇಬೇಕು, ಇದರಲ್ಲಿ ಸಿದ್ಧಾಂತದ ಮಾತೇ ಇಲ್ಲ. ಕಬ್ಬಿಣದಂಶಕ್ಕೆ ಕಾಳು ಸೊಪ್ಪಿನ ಜೊತೆ ನಿಂಬೆನೋ ಕಿತ್ತಳೆನೋ ಇದ್ರೆ ಮೈಗೆ ಚೆನ್ನಾಗಿ ಹತ್ತುತ್ತೆ, ಊಟದ ಜೊತೆಗೇ ಟೀ ಕಾಫಿ ಕುಡಿದ್ರೆ ಅಷ್ಟಾಗಿ ಹತ್ತಲ್ಲ, ಒಂದು ಗಂಟೆ ಬಿಟ್ಟು ಕುಡೀರಿ. ಇಷ್ಟನ್ನ ಬರೆಯೋಕೆ ನಿಮ್ಮ ಲೇಖನದಲ್ಲಿ ನಾಲ್ಕು ಸಾಲು ಜಾಗ ಇರಲಿಲ್ವಾ.

ಇನ್ನೂ ಒಂದು ಮಾತು, ಎಲ್ಲರೂ ಮಾಂಸ ಬಿಡಲೇಬೇಕು ಅಂತ ಬರೆದಿದ್ದು ನನಗೆ ಒಪ್ಪಿಗೆ ಇಲ್ಲ. ಬೆಳೆ ಬಾರದ ಒಣ ಹುಲ್ಲುಗಾವಲಲ್ಲಿ ಕುರಿ ಮೇಯಿಸಿ ಬದುಕೋ ಜನ ಇದಾರೆ, ಅಲ್ಲಿ ಹುಲ್ಲನ್ನ ಮನುಷ್ಯರ ಊಟ ಮಾಡೋಕೆ ಕುರಿ ಬಿಟ್ರೆ ಬೇರೆ ದಾರಿನೇ ಇಲ್ಲ. ಸಿಕ್ಕಿದ್ದೇ ಒಂದು ಹೊತ್ತಿನ ಊಟ ಅನ್ನೋ ಮನೇಲಿ ಮಗುವಿಗೆ ಸಿಗೋ ಒಂದು ಮೊಟ್ಟೆ ಮೇಲೆ ಕಣ್ಣು ಹಾಕೋದು ಪಾಪ. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಅನ್ನೋ ಬೇರೆ ಬೇರೆ ದೇಶಗಳ ವಿಜ್ಞಾನಿಗಳ ತಂಡದವರು ಭೂಮಿಗೂ ಮೈಗೂ ಒಗ್ಗೋ ಊಟ ಅಂತ ಒಂದು ಪಟ್ಟಿ ಕೊಟ್ರಲ್ಲ, ಅವರೂ ಕೆಂಪು ಮಾಂಸ ಸೊನ್ನೆ ಅನ್ನಲಿಲ್ಲ, ದಿನಕ್ಕೆ 14 ಗ್ರಾಂ ಆಸುಪಾಸು ಅಂದ್ರು, ವಾರಕ್ಕೆ 100 ಗ್ರಾಮೂ ಆಗಲ್ಲ. ಕಮ್ಮಿ ಮಾಡ್ಬೇಕಾಗಿರೋದು ದಿನಾ ಮೂರು ಹೊತ್ತು ತಿನ್ನೋಕೆ ಶಕ್ತಿ ಇರೋರು. ನಮ್ಮ ತಂಗಿ ಮಗನೇ ಈಗ ಭಾನುವಾರ ಬಿಟ್ರೆ ಮುಟ್ಟಲ್ಲ, ನಾನು ಬೋಧನೆ ನಿಲ್ಲಿಸಿದ ಮೇಲೆ ಅವನಾಗೇ ಕಮ್ಮಿ ಮಾಡಿದ್ದು, ಯಾಕೆ ಅಂತ ನಾನೂ ಕೇಳಿಲ್ಲ, ಕೇಳಿದ್ರೆ ಮತ್ತೆ ಎಲ್ಲಿ ಶುರು ಮಾಡ್ತಾನೋ ಅಂತ ಹೆದರಿಕೆ.

ಸಂಪಾದಕರೇ, ಲೇಖನದ ಜೊತೆ ಅರ್ಧ ಪುಟ ಸೊಪ್ಪು ತರಕಾರಿ ಫೋಟೋ ಹಾಕಿದ್ರಿ, ಚೆನ್ನಾಗಿತ್ತು. ಮುಂದಿನ ಸಲ ಆ ಜಾಗದಲ್ಲಿ ನಾನು ಮೇಲೆ ಬರೆದ ಪ್ರೊಟೀನ್ ಪಟ್ಟಿ ಹಾಕಿ, ಚೀಸಿನ ಸಾಲು ಬಿಡಬೇಡಿ. ಕತ್ತರಿಸಿ ಫ್ರಿಜ್ಜಿಗೆ ಅಂಟಿಸ್ಕೊಳ್ಳೋ ಅಳತೇಲಿದ್ರೆ ಇನ್ನೂ ಒಳ್ಳೇದು, ನಮ್ಮನೇಲಿ ಈಗ ಅಂಟಿಸಿರೋದು ಕೈಬರಹದ್ದು, ಎಣ್ಣೆ ತಾಗಿ 11 ಇದ್ದಿದ್ದು 1ರ ಥರ ಕಾಣ್ತಿದೆ.

ಇಂತಿ,
ನಿಮ್ಮ ಹಳೇ ಓದುಗಿ